ಪಂಡಿತಾ ರಮಾಬಾಯಿ: ತೀರ್ಥಯಾತ್ರೆಯಿಂದ ಕ್ರಿಸ್ತದರ್ಶನದವರೆಗೆ

ಹಿಂದಿನ ಹೈದರಾಬಾದು ಸಂಸ್ಥಾನದ ಕನ್ನಡ ಜಿಲ್ಲೆಗಳು ಪಂಡಿತಾ ರಮಾಬಾಯಿಯವರ ಬದುಕಿನಲ್ಲಿ ಎರಡು ಬಾರಿ ಕಾಣಿಸಿಕೊಳ್ಳುತ್ತವೆ. ೧೮೭೪ರ ಸುಮಾರಿಗೆ, ಬರಗಾಲದ ನಡುವೆ, ರಾಯಚೂರಿನಲ್ಲಿ ಅವರು ತಾಯಿಯ ಶವಕ್ಕೆ ಹೆಗಲಾದರು. ಆಗ ಅವರ ವಯಸ್ಸು ಹದಿನಾರು. ೧೯೧೨ರಲ್ಲಿ ಗುಲಬರ್ಗಾದಲ್ಲಿ, ಇಂದಿನ ಕಲಬುರಗಿಯಲ್ಲಿ, ಮಗಳು ಮನೋರಮೆಯ ನೆರವಿನಿಂದ ಒಂದು ಕ್ರೈಸ್ತ ಪ್ರೌಢಶಾಲೆಯನ್ನು ತೆರೆದರು. ಈ ಎರಡು ಘಟನೆಗಳ ನಡುವೆ ಮೂವತ್ತೆಂಟು ವರ್ಷಗಳಿವೆ. ದೇವರು ಮನುಷ್ಯರಿಗೆ ತನ್ನನ್ನು ತೋರಿಸಿಕೊಳ್ಳುವುದು ಎಲ್ಲಿ, ಯಾರ ಮೂಲಕ, ಯಾವ ಭಾಷೆಯಲ್ಲಿ ಎಂಬ ಪ್ರಶ್ನೆಗೆ ಈ ಅವಧಿಯಲ್ಲಿ ಅವರು ಕಂಡುಕೊಂಡ ಉತ್ತರವು ಅವರ ಜೀವನಚರಿತ್ರೆಯ ಒಳಗಿನ ಎಳೆ. ರಮಾಬಾಯಿಯವರನ್ನು ಸಮಾಜಸುಧಾರಕಿಯೆಂದು ನೆನೆಯುವವರು ಅನೇಕರು. ಆ ಸುಧಾರಣೆಯ ಬೇರು ಎಲ್ಲಿತ್ತೆಂಬುದನ್ನು ಕೇಳಿದವರು ಕಡಿಮೆ. ಮರಾಠಿಗರು ಅವರನ್ನು ತಮ್ಮವರೆಂದು ಬಗೆದಷ್ಟು ಕನ್ನಡಿಗರು ಬಗೆಯಲಿಲ್ಲವೆಂಬುದೂ ನಿಜ. ಅವರು ಹುಟ್ಟಿದ್ದು ಕನ್ನಡದ ನೆಲದಲ್ಲಿ. ಮರಾಠಿ, ಹಿಂದುಸ್ತಾನಿ, ಬಂಗಾಳಿಗಳೊಡನೆ ಕನ್ನಡವನ್ನೂ ಅವರು ಬಲ್ಲವರಾಗಿದ್ದರು.

ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು, ಚಿತ್ಪಾವನ ಬ್ರಾಹ್ಮಣರು. ಪುಣೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರ ಗುರುಗಳು ಪೇಶ್ವೆ ಎರಡನೆಯ ಬಾಜೀರಾಯನ ಪತ್ನಿಗೆ ಸಂಸ್ಕೃತ ಪಾಠ ಹೇಳುತ್ತಿದ್ದರು. ಸ್ತ್ರೀಯ ಬಾಯಿಂದ ದೇವಭಾಷೆಯ ಶ್ಲೋಕಗಳನ್ನು ಕೇಳಿದ ತರುಣನಿಗೆ ತನ್ನ ಮನೆಯಲ್ಲಿಯೂ ಹಾಗಾಗಬೇಕೆಂಬ ಆಸೆ ಹುಟ್ಟಿತು. ಮೈಸೂರಿನ ಆಸ್ಥಾನದಲ್ಲಿ ಮನ್ನಣೆ ಪಡೆದು, ಮೊದಲ ಹೆಂಡತಿಯನ್ನು ಕಳೆದುಕೊಂಡು, ನಡುವಯಸ್ಸಿನಲ್ಲಿ ಗೋದಾವರಿಯ ತೀರದಲ್ಲಿ ಒಂಬತ್ತು ವರ್ಷದ ಲಕ್ಷ್ಮಿಯ ಕೈ ಹಿಡಿದ ಮೇಲೆ ಅವರು ಆ ಆಸೆಯನ್ನು ನೆರವೇರಿಸಿಕೊಂಡರು. ಊರಿನವರು ಇದನ್ನು ಸಹಿಸಲಿಲ್ಲ. ಉಡುಪಿಯಲ್ಲಿ ಪಂಡಿತರ ಸಭೆ ಕೂಡಿತು. ವೇದವನ್ನು ಬಿಟ್ಟು ಉಳಿದ ಶಾಸ್ತ್ರಪುರಾಣಗಳನ್ನು ಸ್ತ್ರೀಗೆ ಕಲಿಸುವುದಕ್ಕೆ ನಿಷೇಧವಿಲ್ಲವೆಂದು ಶಾಸ್ತ್ರಿಗಳು ಪ್ರಮಾಣಗಳಿಂದ ತೋರಿಸಿದರು. ಸಭೆಯಲ್ಲಿ ಗೆದ್ದರೂ ಊರಿನಲ್ಲಿ ನೆಮ್ಮದಿ ಸಿಗಲಿಲ್ಲ. ಅವರು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿಕೊಂಡು, ಬಂದ ಶಿಷ್ಯರಿಗೂ ಹೆಂಡತಿಗೂ ಪಾಠ ಹೇಳುತ್ತ ಬಾಳಿದರು. ಅಲ್ಲಿ ೧೮೫೮ರ ಏಪ್ರಿಲ್ ೨೩ರಂದು ರಮಾಬಾಯಿ ಹುಟ್ಟಿದರು.

ಅತಿಥಿಸತ್ಕಾರದಲ್ಲಿ ಆಸ್ತಿ ಕರಗಿತು. ಮಗುವಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಸಂಸಾರ ಕಾಡಿನಿಂದ ಹೊರಟಿತು. ಬಿದಿರ ಬುಟ್ಟಿಯಲ್ಲಿ ಮಲಗಿಸಿದ ರಮಾಬಾಯಿಯನ್ನು ಆಳೊಬ್ಬನು ತಲೆಯ ಮೇಲೆ ಹೊತ್ತು ಘಟ್ಟವಿಳಿದನು. ಅಂದು ಮೊದಲಾದ ತೀರ್ಥಯಾತ್ರೆ ಹದಿನಾರು ವರ್ಷ ಮುಗಿಯಲಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ಹೋಗಿ, ದೇವಸ್ಥಾನದ ಅಂಗಳದಲ್ಲಿಯೋ ನದಿಯ ಸೋಪಾನದಲ್ಲಿಯೋ ಕುಳಿತು ಪುರಾಣ ಓದುವುದು ಅವರ ವೃತ್ತಿ. ಕೇಳಿದವರು ಹೂವು, ಹಣ್ಣು, ಅಕ್ಕಿ, ಕಾಸು ಇಟ್ಟು ಹೋಗುವರು. ಓದಿದ್ದರ ಅರ್ಥವನ್ನು ಲೋಕಭಾಷೆಯಲ್ಲಿ ಹೇಳುವುದು ಪುರಾಣಿಕರ ಧರ್ಮವಾಗಿರಲಿಲ್ಲ. ದೇವಭಾಷೆಯ ಧ್ವನಿ ಕಿವಿಗೆ ಬಿದ್ದರೆ ಸಾಕು, ಪುಣ್ಯ ಬಂತು ಎಂಬುದು ನಂಬಿಕೆ. ಈ ಸಂಗತಿಯನ್ನು ರಮಾಬಾಯಿಯವರು ಕೊನೆಯವರೆಗೆ ಮರೆಯಲಿಲ್ಲವೆಂದು ಅವರ ಮುಂದಿನ ಕೆಲಸದಿಂದ ಊಹಿಸಬಹುದು. ಎಂಟನೆಯ ವಯಸ್ಸಿನಿಂದ ತಾಯಿಯೇ ಅವರಿಗೆ ಗುರು. ಬೆಳಗಿನ ಜಾವದಲ್ಲಿ ಮಗಳನ್ನು ಎಬ್ಬಿಸಿ ಲಕ್ಷ್ಮೀಬಾಯಿಯವರು ಪಾಠ ಹೇಳಿಕೊಡುತ್ತಿದ್ದರು. ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಹೀಗೆ ಕಂಠಸ್ಥವಾದವು.

ಮದರಾಸು ಸೀಮೆಯ ಬರಗಾಲ ಈ ಸಂಸಾರವನ್ನು ಮುರಿಯಿತು. ಶಾಸ್ತ್ರಿಗಳ ಕಣ್ಣು ಮಂದವಾಗಿತ್ತು. ಮಕ್ಕಳಿಗೆ ಶಾಸ್ತ್ರವಲ್ಲದೆ ಬೇರೆ ವಿದ್ಯೆ ತಿಳಿಯದು. ಕೂಲಿಗೆ ಹೋಗಲು ಜಾತಿಯ ಅಭಿಮಾನ ಅಡ್ಡಬಂದಿತು. ದೇವರು ಪ್ರಸನ್ನನಾದಾನೆಂಬ ಆಸೆಯಿಂದ ಉಳಿದ ಹಣವನ್ನು ಪೂಜೆಗೆ, ದಾನಕ್ಕೆ ಕೊಟ್ಟರು. ಪಾತ್ರೆ, ಬಟ್ಟೆ, ಬಂಗಾರ ಎಲ್ಲವೂ ಹೋದವು. ತಿರುಪತಿಯ ಸಮೀಪದ ಕಾಡಿನಲ್ಲಿ ಹನ್ನೊಂದು ದಿನ ನೀರು, ಎಲೆ, ಒಂದಿಷ್ಟು ಕಾಡು ಈಚಲ ಹಣ್ಣುಗಳಲ್ಲಿ ಕಳೆದರು. ಕೊನೆಗೆ ಪವಿತ್ರವಾದ ಕೆರೆಯಲ್ಲಿ ಮುಳುಗಿ ದೇಹ ಬಿಡಲು ಶಾಸ್ತ್ರಿಗಳು ನಿಶ್ಚಯಿಸಿ ಒಬ್ಬೊಬ್ಬರಿಂದಲೂ ಬೀಳ್ಕೊಂಡರು. ಕಿರಿಯ ಮಗಳನ್ನು ಅಪ್ಪಿಕೊಂಡು, ಅವಳನ್ನು ದೇವರ ಕೈಗೆ ಒಪ್ಪಿಸಿರುವುದಾಗಿಯೂ ಅವಳು ಅವನೊಬ್ಬನಿಗೇ ಸೇರಿದವಳೆಂದೂ ಅವನೊಬ್ಬನನ್ನೇ ಸೇವಿಸಬೇಕೆಂದೂ ಹೇಳಿದರು. ಮಗ ಶ್ರೀನಿವಾಸನು ಜಾತಿಯ ಹೆಮ್ಮೆಯನ್ನು ಬಿಟ್ಟು ಕೂಲಿ ಮಾಡಿಯಾದರೂ ಸಾಕುವೆನೆಂದು ಮುಂದೆ ಬಂದುದರಿಂದ ಜಲಸಮಾಧಿ ತಪ್ಪಿತು. ಆದರೆ ಶಾಸ್ತ್ರಿಗಳು ಕೆಲವೇ ದಿನಗಳಲ್ಲಿ ತೀರಿಕೊಂಡರು. ಸಂನ್ಯಾಸ ಸ್ವೀಕರಿಸಿದ್ದ ಅವರ ದೇಹವನ್ನು ಹೂಳಬೇಕಾಗಿತ್ತು. ಹೊರುವವರಿಲ್ಲದೆ ಮಗನು ಬಟ್ಟೆಯಲ್ಲಿ ಸುತ್ತಿ ಬೆನ್ನ ಮೇಲೆ ಹೊತ್ತೊಯ್ದನು.

ಉಳಿದವರು ನಡೆಯುತ್ತ, ಬೇಡುತ್ತ ರಾಯಚೂರನ್ನು ಸೇರಿದರು. ಎಲ್ಲರಿಗೂ ಜ್ವರ. ಅಲ್ಲಿ ಲಕ್ಷ್ಮೀಬಾಯಿಯವರು ಕಣ್ಣು ಮುಚ್ಚಿದಾಗ ಶವ ಹೊರಲು ಇಬ್ಬರು ಬ್ರಾಹ್ಮಣರು ಮಾತ್ರ ಒಪ್ಪಿದರು. ಮೂರನೆಯವನು ಶ್ರೀನಿವಾಸ. ನಾಲ್ಕನೆಯ ಹೆಗಲು ರಮಾಬಾಯಿಯವರದು. ಅವರು ಗಿಡ್ಡರಾಗಿದ್ದುದರಿಂದ ಚಟ್ಟದ ಕೊನೆಯನ್ನು ತಲೆಯ ಮೇಲೆ ಇಟ್ಟುಕೊಂಡು ಊರಾಚೆಯ ಸುಡುಗಾಡಿನವರೆಗೂ ನಡೆದರು. ಸ್ವಲ್ಪ ಕಾಲದ ಮೇಲೆ ಅಕ್ಕ ಕೃಷ್ಣಾಬಾಯಿಯೂ ವಾಂತಿಭೇದಿಗೆ ಬಲಿಯಾದರು.

ಅಣ್ಣತಂಗಿಯರಿಬ್ಬರೇ ಉಳಿದು ಕಾಶ್ಮೀರದವರೆಗೆ ಹೋಗಿಬಂದರು. ನಡೆದ ದಾರಿ ನಾಲ್ಕು ಸಾವಿರ ಮೈಲಿಗೂ ಹೆಚ್ಚು. ಈ ನಡಿಗೆಯಲ್ಲಿ ದೇವತೆಗಳ ಮೇಲಿನ ನಂಬಿಕೆ ಮೆಲ್ಲಮೆಲ್ಲನೆ ಸಡಿಲಿತು. ಶಾಸ್ತ್ರ ಹೇಳಿದುದನ್ನೆಲ್ಲ ಮಾಡಿಯೂ ದೇವರು ಮಾತಾಡಲಿಲ್ಲವೆಂಬ ನೋವು ಅವರ ಸಂದೇಹದ ಮೂಲ. ತರ್ಕ ಆಮೇಲೆ ಬಂದಿತು. ೧೮೭೮ರಲ್ಲಿ ಕಲಕತ್ತೆಗೆ ಬಂದಾಗ ಅಲ್ಲಿಯ ವಿದ್ವಾಂಸರು ಇಪ್ಪತ್ತು ವರ್ಷದ ತರುಣಿಯ ಪಾಂಡಿತ್ಯವನ್ನು ಪರೀಕ್ಷಿಸಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಸ್ತ್ರೀಧರ್ಮದ ಮೇಲೆ ಉಪನ್ಯಾಸ ಮಾಡಲು ಧರ್ಮಶಾಸ್ತ್ರಗಳನ್ನು ಓದತೊಡಗಿದಾಗ ಅವರಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಮಿಕ್ಕೆಲ್ಲದರಲ್ಲಿ ಭಿನ್ನಾಭಿಪ್ರಾಯವಿರುವ ಶಾಸ್ತ್ರಕಾರರು ಸ್ತ್ರೀಯರಿಗೂ ಶೂದ್ರರಿಗೂ ವೇದವಿಲ್ಲ, ಆದುದರಿಂದ ನೇರವಾದ ಮೋಕ್ಷಮಾರ್ಗವಿಲ್ಲ ಎಂಬುದರಲ್ಲಿ ಮಾತ್ರ ಒಮ್ಮತದಿಂದಿದ್ದರು. ಕೇಶವಚಂದ್ರಸೇನರು ವೇದದ ಪ್ರತಿಯೊಂದನ್ನು ಕೈಗಿತ್ತು ಓದಲು ಹೇಳಿದಾಗ ಅವರು ಮೊದಲು ಹಿಂಜರಿದರು. ತಂದೆಯೂ ದಾಟದ ಗೆರೆಯಿದು.

ಕ್ರೈಸ್ತರ ಮೊದಲ ಪರಿಚಯವೂ ಕಲಕತ್ತೆಯಲ್ಲಿಯೇ. ಒಂದು ಕೂಟದಲ್ಲಿ ಅವರೆಲ್ಲ ಕುರ್ಚಿಗಳ ಮುಂದೆ ಮೊಣಕಾಲೂರಿ ಪ್ರಾರ್ಥಿಸಿದುದನ್ನು ಕಂಡು, ಇವರು ಕುರ್ಚಿಗಳನ್ನು ಪೂಜಿಸುತ್ತಾರೆಂದು ಅಣ್ಣತಂಗಿಯರು ಭಾವಿಸಿದರು. ಅಲ್ಲಿ ದೊರೆತ ಸಂಸ್ಕೃತ ಬೈಬಲ್ಲು ಅವರಿಗೆ ರುಚಿಸಲಿಲ್ಲ. ಸಂಸ್ಕೃತದಲ್ಲಿ ಹುಟ್ಟಿ ಬೆಳೆದವರಿಗೆ ಆ ಸಂಸ್ಕೃತ ಪರಕೀಯವಾಗಿ ಕೇಳಿತು.

೧೮೮೦ರಲ್ಲಿ ಢಾಕಾದಲ್ಲಿ ಶ್ರೀನಿವಾಸ ತೀರಿಕೊಂಡನು. ಅದೇ ವರ್ಷ ರಮಾಬಾಯಿಯವರು ಬಂಗಾಳಿ ವಕೀಲರಾದ ಬಿಪಿನ್‌ಬಿಹಾರಿಯವರನ್ನು ಜಾತಿಯನ್ನು ಮೀರಿ, ಸರಕಾರಿ ಕಾಯಿದೆಯಂತೆ ಮದುವೆಯಾಗಿ ಅಸ್ಸಾಮಿನ ಸಿಲ್ಚಾರಿಗೆ ಹೋದರು. ಗಂಡನ ಪುಸ್ತಕಗಳ ನಡುವೆ ಬಂಗಾಳಿಯಲ್ಲಿ ಅಚ್ಚಾದ ಲೂಕನ ಸುವಾರ್ತೆಯೊಂದು ಸಿಕ್ಕಿತು. ಕಲಕತ್ತೆಯ ದೊಡ್ಡ ಗ್ರಂಥ ಮಾಡದ ಕೆಲಸವನ್ನು ಈ ಸಣ್ಣ ಪುಸ್ತಿಕೆ ಮಾಡಿತು. ಆಡುಮಾತಿನಲ್ಲಿದ್ದ ಯೇಸುವಿನ ಕಥೆ ಮನಸ್ಸಿಗೆ ಹತ್ತಿತು. ಮಿಷನ್ ಶಾಲೆಯಲ್ಲಿಯೇ ಓದಿದ್ದ ಪತಿಗೆ ಹೆಂಡತಿ ಕ್ರೈಸ್ತಳಾಗುವುದು ಇಷ್ಟವಿರಲಿಲ್ಲ. ೧೮೮೧ರಲ್ಲಿ ಮನೋರಮಾ ಹುಟ್ಟಿದಳು. ೧೮೮೨ರ ಫೆಬ್ರವರಿಯಲ್ಲಿ ವಾಂತಿಭೇದಿ ಪತಿಯನ್ನು ಒಯ್ಯಿತು.

ವಿಧವೆಯಾಗಿ ಪುಣೆಗೆ ಬಂದ ರಮಾಬಾಯಿಯವರು ಆರ್ಯಮಹಿಳಾ ಸಮಾಜವನ್ನು ಸ್ಥಾಪಿಸಿದರು, ಹಂಟರ್ ಶಿಕ್ಷಣ ಆಯೋಗದ ಮುಂದೆ ಹೆಣ್ಣುಮಕ್ಕಳ ವಿದ್ಯೆಗಾಗಿ ಸಾಕ್ಷಿ ನುಡಿದರು, ಮರಾಠಿಯಲ್ಲಿ ಸ್ತ್ರೀಧರ್ಮನೀತಿಯನ್ನು ಬರೆದರು. ವೈದ್ಯ ಕಲಿಯುವ ಉದ್ದೇಶದಿಂದ ೧೮೮೩ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿ, ವಾಂಟೇಜಿನ ಸಂತ ಮರಿಯಮ್ಮನ ಮಠದ ಆಂಗ್ಲಿಕನ್ ಸೋದರಿಯರಲ್ಲಿ ಇಳಿದುಕೊಂಡರು. ಮತಾಂತರದ ಉದ್ದೇಶ ಆಗ ಅವರಿಗಿರಲಿಲ್ಲ. ಜೊತೆಗೆ ಬಂದಿದ್ದ ಆನಂದೀಬಾಯಿ ಭಗತ್ ಅಲ್ಲಿಯೇ ಆತ್ಮಹತ್ಯೆ ಮಾಡಿಕೊಂಡುದು ಅವರನ್ನು ತಲ್ಲಣಗೊಳಿಸಿತು.

ಅವರ ಮನಸ್ಸು ತಿರುಗಿದುದು ಲಂಡನ್ನಿನ ಫುಲ್‌ಹ್ಯಾಮಿನಲ್ಲಿ. ಸೋದರಿಯರು ಅಲ್ಲಿ ದಾರಿ ತಪ್ಪಿದವರೆಂದು ಸಮಾಜ ತಳ್ಳಿದ ಹೆಂಗಸರಿಗಾಗಿ ಒಂದು ಆಶ್ರಯಧಾಮ ನಡೆಸುತ್ತಿದ್ದರು. ಇಂಥ ಹೆಂಗಸರಿಗೆ ಕಠಿಣ ಶಿಕ್ಷೆಯನ್ನು ವಿಧಿಸುವ ಶಾಸ್ತ್ರವಾಕ್ಯಗಳನ್ನು ಓದಿದ್ದ ರಮಾಬಾಯಿಯವರಿಗೆ, ಮರ್ಯಾದಸ್ಥ ಹೆಂಗಸರು ಇವರನ್ನು ಪ್ರೀತಿಯಿಂದ ಉಪಚರಿಸುವುದು ವಿಚಿತ್ರವಾಗಿ ತೋರಿತು. ಕಾರಣ ಕೇಳಿದಾಗ ಸೋದರಿಯೊಬ್ಬರು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ತೋರಿಸಿದರು. ಸಮಾರ್ಯದ ಒಬ್ಬ ಹೆಂಗಸು ನಡುಹಗಲಲ್ಲಿ ಬಾವಿಗೆ ನೀರಿಗೆ ಬರುತ್ತಾಳೆ. ಜಾತಿಯಲ್ಲಿ ಕೀಳೆಂದು ಯೆಹೂದ್ಯರು ದೂರವಿಟ್ಟ ಜನರವಳು. ನಡತೆಯಲ್ಲಿಯೂ ಹೆಸರು ಕೆಟ್ಟವಳು. ಯೇಸು ಅವಳಲ್ಲಿ ನೀರು ಕೇಳುತ್ತಾನೆ, ಅವಳೊಡನೆ ಮಾತಾಡುತ್ತಾನೆ. ಪೂಜೆ ಈ ಬೆಟ್ಟದ ಮೇಲೋ ಯೆರೂಸಲೇಮಿನಲ್ಲೋ ಎಂದು ಅವಳು ಕೇಳಿದಾಗ, ಸ್ಥಳದ ಹಂಗಿಲ್ಲದೆ ಆತ್ಮದಿಂದಲೂ ಸತ್ಯದಿಂದಲೂ ಆಗುವ ಆರಾಧನೆಯನ್ನು ತಿಳಿಸಿ, ಬರಬೇಕಾದ ಕ್ರಿಸ್ತನು ತಾನೇ ಎಂಬುದನ್ನು ಅವಳೆದುರು ಹೇಳಿಬಿಡುತ್ತಾನೆ. ನಾಲ್ಕು ಸಾವಿರ ಮೈಲಿ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದವರು ಈ ಪ್ರಸಂಗವನ್ನು ಹೇಗೆ ಓದಿರಬಹುದೆಂಬುದನ್ನು ವಿವರಿಸಬೇಕಾಗಿಲ್ಲ. ದೇವರು ತನ್ನನ್ನು ತಾನೇ ಪ್ರಕಟಿಸಿಕೊಳ್ಳುತ್ತಾನೆ, ಅದೂ ಶಾಸ್ತ್ರಾಧಿಕಾರವಿಲ್ಲದ ಹೆಂಗಸಿಗೆ, ಬಾವಿಯ ಕಟ್ಟೆಯ ಮೇಲೆ! ೧೮೮೩ರ ಸೆಪ್ಟೆಂಬರ್ ೨೯ರಂದು ಅವರು ಮಗಳೊಡನೆ ದೀಕ್ಷಾಸ್ನಾನ ಪಡೆದರು. ಭಾರತದಲ್ಲಿ ಇದು ದೊಡ್ಡ ಗದ್ದಲವನ್ನೆಬ್ಬಿಸಿತು.

ದೀಕ್ಷಾಸ್ನಾನದಿಂದ ಅವರು ಧರ್ಮಸಭೆಗೆ ವಿಧೇಯರಾದರೆಂದು ವಾಂಟೇಜಿನವರು ಎಣಿಸಿದ್ದರೆ ಅದು ಸುಳ್ಳಾಯಿತು. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತ ಓದುತ್ತಿದ್ದ ಕಾಲದಲ್ಲಿ ಅವರಿಗೂ ಸೋದರಿ ಜೆರಾಲ್ಡೀನರಿಗೂ ನಡೆದ ಪತ್ರವ್ಯವಹಾರ ಆ ಶತಮಾನದ ಧಾರ್ಮಿಕ ವಾದಗಳಲ್ಲಿ ಗಣ್ಯವಾದುದು. ತ್ರಿತ್ವದ ಸಿದ್ಧಾಂತ, ಅಥನೇಸಿಯಸನ ಹೆಸರಿನ ವಿಶ್ವಾಸಪ್ರಮಾಣ, ಕನ್ಯಾಜನನ ಇವುಗಳನ್ನು ಗುರುಹಿರಿಯರು ಹೇಳಿದರೆಂಬ ಕಾರಣಕ್ಕೆ ಒಪ್ಪಲು ರಮಾಬಾಯಿಯವರು ಸಿದ್ಧರಿರಲಿಲ್ಲ. ಒಂದು ಪುರೋಹಿತವರ್ಗದ ಹಿಡಿತವನ್ನು ಕಷ್ಟದಿಂದ ಬಿಡಿಸಿಕೊಂಡು ಬಂದವರು ಇನ್ನೊಂದಕ್ಕೆ ತಲೆಬಾಗುವುದೇಕೆ ಎಂಬುದು ಅವರ ವಾದದ ತಿರುಳು. ದೇವರು ಕೊಟ್ಟ ವಿವೇಕವನ್ನೂ ಬೈಬಲ್ಲನ್ನೂ ಅವರು ಪ್ರಮಾಣವಾಗಿ ಹಿಡಿದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳನ್ನು ಕೆತ್ತಿಸುವ ಮಾತು ಬಂದಾಗ, ತಾಯಿಯಿಂದ ಬಂದ ಸಂಸ್ಕೃತವನ್ನು ಬಿಟ್ಟು ಲ್ಯಾಟಿನ್ ಏಕೆ ಪವಿತ್ರವಾಗಬೇಕೆಂದು ಕೇಳಿದರು. ಸಸ್ಯಾಹಾರವನ್ನು ಕೊನೆಯವರೆಗೂ ಬಿಡಲಿಲ್ಲ. ಅವರು ಗಂಡಸರಿಗೆ ಪಾಠ ಹೇಳುವುದು ಉಚಿತವಲ್ಲವೆಂದು ಭಾರತದಲ್ಲಿದ್ದ ಬಿಷಪ್ಪರು ತಡೆದಾಗ ರೇಗಿದರು. ಸೋದರಿ ಜೆರಾಲ್ಡೀನರ ಕಣ್ಣಿಗೆ ಇದೆಲ್ಲ ಅಹಂಕಾರವಾಗಿ ಕಂಡಿತು. ಆ ಸೋದರಿಯ ವಾತ್ಸಲ್ಯವನ್ನು ಅಲ್ಲಗಳೆಯುವುದು ನ್ಯಾಯವಾಗದು. ಅವರು ಮನೋರಮೆಯನ್ನು ತಾಯಿಯಂತೆ ಸಾಕಿದರು, ಈ ಕಟುವಾದ ಪತ್ರಗಳನ್ನೂ ಕಾಪಾಡಿ ಮುಂದಿನವರಿಗೆ ಉಳಿಸಿದರು.

೧೮೮೬ರಲ್ಲಿ ಆನಂದೀಬಾಯಿ ಜೋಶಿಯವರ ವೈದ್ಯಪದವಿ ಸಮಾರಂಭಕ್ಕೆಂದು ಅಮೆರಿಕಕ್ಕೆ ಹೋದರು. ೧೮೮೭ರಲ್ಲಿ ಉಚ್ಚವರ್ಣದ ಹಿಂದೂ ಸ್ತ್ರೀಯ ಸ್ಥಿತಿಯನ್ನು ಕುರಿತ ಅವರ ಇಂಗ್ಲಿಷ್ ಪುಸ್ತಕ ಹೊರಬಂದು ಹೆಸರು ತಂದಿತು. ಬಾಸ್ಟನ್ನಿನಲ್ಲಿ ನೆರವಿನ ಸಂಘವೊಂದು ಕಟ್ಟಲ್ಪಟ್ಟಿತು. ೧೮೮೯ರ ಮಾರ್ಚ್ ೧೧ರಂದು ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂದಿತು. ಮತಬೋಧನೆ ಇಲ್ಲವೆಂಬ ಷರತ್ತಿನ ಮೇಲೆ ರಾನಡೆ, ಭಂಡಾರ್ಕರ್ ಮೊದಲಾದವರು ಸಲಹಾ ಮಂಡಲಿಯಲ್ಲಿದ್ದರು.

ಈ ನಡುವೆ, ೧೮೯೧ರ ಸುಮಾರಿಗೆ, ವಿಲಿಯಂ ಹ್ಯಾಸ್ಲಮ್ ಎಂಬ ಪಾದ್ರಿಯ ಆತ್ಮಕಥೆಯನ್ನು ಓದಿ ಅವರಿಗೊಂದು ಅರಿವಾಯಿತು. ಎಂಟು ವರ್ಷಗಳ ಹಿಂದೆ ತಮಗೆ ದೊರೆತುದು ಕ್ರೈಸ್ತಧರ್ಮ, ಕ್ರಿಸ್ತನಿನ್ನೂ ದೊರೆತಿಲ್ಲ ಎಂದು ಅವರಿಗೆ ತೋರಿತು. ವಾದದಲ್ಲಿ ಸೋಲದವರು ಇಲ್ಲಿ ತಾವಾಗಿಯೇ ಶರಣಾದರು. ಸಿದ್ಧಾಂತದ ತೊಡಕುಗಳು ಪರಿಹಾರವಾದುದರಿಂದ ಈ ಶಾಂತಿ ಬರಲಿಲ್ಲ. ಪಾಪಿಯನ್ನು ಇದ್ದಂತೆಯೇ ಸ್ವೀಕರಿಸುವ ಒಬ್ಬ ರಕ್ಷಕನಲ್ಲಿ ಭಾರ ಹಾಕಿದುದರಿಂದ ಬಂದಿತು ಎಂದು ಅವರು ೧೯೦೭ರ ತಮ್ಮ ಸಾಕ್ಷ್ಯದಲ್ಲಿ ನಿರೂಪಿಸಿದ್ದಾರೆ. ಶರಣರ ಭಕ್ತಿಯನ್ನು ಬಲ್ಲ ಕನ್ನಡಿಗರಿಗೆ ಈ ತಿರುವು ಅಪರಿಚಿತವೆನಿಸದು.

ಆದರೆ ಈ ಅನುಭವ ಶಾರದಾಸದನದ ಷರತ್ತಿಗೆ ಒಗ್ಗುವಂಥದಾಗಿರಲಿಲ್ಲ. ಅವರು ಮಗಳೊಡನೆ ತಮ್ಮ ಕೋಣೆಯಲ್ಲಿ ಪ್ರಾರ್ಥಿಸುವಾಗ ಬಾಗಿಲು ಮುಚ್ಚುತ್ತಿರಲಿಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕುಳಿತರು. ೧೮೯೩ರಲ್ಲಿ ಸಲಹಾ ಮಂಡಲಿ ರಾಜೀನಾಮೆ ಕೊಟ್ಟಿತು, ಟಿಳಕರ ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು, ಅನೇಕ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ತೆರೆದ ಬಾಗಿಲು ಬೋಧನೆಯಲ್ಲವೆಂಬ ಅವರ ಸಮರ್ಥನೆ ಅಕ್ಷರಶಃ ಸರಿ. ಗುರುವಿನ ಮೇಲೆ ಸಂಪೂರ್ಣವಾಗಿ ಅವಲಂಬಿಸಿದ ಎಳೆಯ ವಿಧವೆಯರಿಗೆ ಆ ಬಾಗಿಲು ಬರಿಯ ಬಾಗಿಲಾಗಿರಲಿಲ್ಲವೆಂಬ ಮಂಡಲಿಯ ಆತಂಕದಲ್ಲಿಯೂ ಹುರುಳಿತ್ತು. ಮನೆಯೊಳಗೆ ಕದ್ದು ಪೂಜಿಸುವ ದೇವರು ತಮಗೆ ಬೇಡವೆಂಬ ನಿಲುವಿಗೆ ರಮಾಬಾಯಿಯವರು ತೆತ್ತ ಬೆಲೆ ಸುಧಾರಕರ ಸ್ನೇಹ.

೧೮೯೬ರ ಕೊನೆಯಲ್ಲಿ ಮಧ್ಯಪ್ರಾಂತದಲ್ಲಿ ಬರಗಾಲ ಬಿದ್ದಾಗ ಹಳೆಯ ನೆನಪುಗಳು ಅವರನ್ನು ಸುಮ್ಮನೆ ಕೂಡಿಸಲಿಲ್ಲ. ತಾವು ಹಸಿದು ನಡೆದ ದಿನಗಳ ಕಥೆಯನ್ನು ೧೮೯೭ರಲ್ಲಿ ಬರೆದರು. ತಾವೇ ಹೋಗಿ ಸುಮಾರು ಮುನ್ನೂರು ಹುಡುಗಿಯರನ್ನು ಕರೆತಂದರು. ಪುಣೆಗೆ ಸಮೀಪದ ಕೇಡಗಾಂವದಲ್ಲಿ ಕೊಂಡಿದ್ದ ಜಮೀನಿನಲ್ಲಿ ಮುಕ್ತಿಸದನ ಬೆಳೆಯಿತು. ೧೯೦೦ರ ಗುಜರಾತಿನ ಬರಗಾಲದ ಅನಂತರ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರಕ್ಕೆ ಸಮೀಪಿಸಿತು. ನೇಯ್ಗೆ, ಹೈನು, ಬೇಸಾಯ, ಮುದ್ರಣ ಎಲ್ಲವನ್ನೂ ಹೆಂಗಸರೇ ನಡೆಸಿದರು. ಕುರುಡರಿಗೆ ಮನೋರಮಾ ಬ್ರೈಲ್ ಲಿಪಿ ಕಲಿಸಿದರು. ಹಾದಿತಪ್ಪಿದವರೆನಿಸಿಕೊಂಡ ಹೆಂಗಸರಿಗಾಗಿ ಕೃಪಾಸದನ ತೆರೆಯಿತು. ಫುಲ್‌ಹ್ಯಾಮಿನ ಋಣ ಹೀಗೆ ತೀರಿತು.

೧೯೦೫ರ ಜೂನಿನ ಕೊನೆಯಲ್ಲಿ ಮುಕ್ತಿಯಲ್ಲಿ ನಡೆದುದು ಪಂಡಿತೆಯ ಸ್ವಭಾವಕ್ಕೆ ಹೊರಗಿನದು. ಪ್ರಾರ್ಥನೆಯಲ್ಲಿದ್ದ ಹುಡುಗಿಯೊಬ್ಬಳು ತನ್ನ ಮೇಲೆ ಬೆಂಕಿ ಇಳಿದುದನ್ನು ಅನುಭವಿಸಿದಳೆಂದೂ, ಜ್ವಾಲೆ ಕಂಡೆವೆಂದುಕೊಂಡವರು ನೀರು ತರಲು ಓಡಿದರೆಂದೂ ಆ ಕಾಲದ ವರದಿಗಳು ಹೇಳುತ್ತವೆ. ನೂರಾರು ಹುಡುಗಿಯರು ಒಟ್ಟಾಗಿ ಗಟ್ಟಿಯಾಗಿ ಅತ್ತು, ಹಾಡಿ, ಪ್ರಾರ್ಥಿಸಿದರು. ಬಂದ ಪಾಶ್ಚಾತ್ಯರಲ್ಲಿ ಕೆಲವರು ಇದನ್ನು ಉನ್ಮಾದವೆಂದರು. ಸಂಯಮದಲ್ಲಿ ಬೆಳೆದ ವಿದುಷಿ ಅದನ್ನು ಅಡಗಿಸಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಪವಿತ್ರಾತ್ಮನು ಭಾರತೀಯರಲ್ಲಿ ಭಾರತೀಯರ ಪ್ರಕೃತಿಗೆ ತಕ್ಕಂತೆ ಕೆಲಸ ಮಾಡಲಿ, ಪರದೇಶದ ಮೌನವನ್ನು ಅವರ ಮೇಲೆ ಹೇರುವುದು ಬೇಡ ಎಂದು ವಾದಿಸಿದರು. ಅಕ್ಷರ ಕಲಿತು ಕೆಲವೇ ವರ್ಷಗಳಾಗಿದ್ದ ಅನಾಥೆಯರಿಗೆ ದೇವರು ತನ್ನನ್ನು ತೋರಿಸಿಕೊಂಡ ರೀತಿ ತಮಗೆ ತೋರಿಸಿಕೊಂಡ ರೀತಿಯಾಗಿರಬೇಕಿಲ್ಲವೆಂದು ಒಪ್ಪಿದುದು ಅವರ ಶ್ರದ್ಧೆಯ ದೊಡ್ಡ ಪರೀಕ್ಷೆ. ಅದರಲ್ಲಿ ಅವರು ಗೆದ್ದರೆನ್ನಬೇಕು.

ಇದೇ ಕಾಲದಲ್ಲಿ ಅವರು ತಮ್ಮ ಕೊನೆಯ ಕೆಲಸಕ್ಕೆ ಕೈಹಾಕಿದರು. ಬಳಕೆಯಲ್ಲಿದ್ದ ಮರಾಠಿ ಬೈಬಲ್ಲು ಸಂಸ್ಕೃತಭೂಯಿಷ್ಠವಾಗಿದ್ದು ಹಳ್ಳಿಯ ಹೆಂಗಸರಿಗೆ ತಿಳಿಯದೆಂದು ಅವರಿಗೆ ಅನಿಸಿತು. ಹಳೆಯ ಶಾಸ್ತ್ರಗಳ ಅರ್ಥ ಅಂಟಿಕೊಂಡ ಪದಗಳು ಯೇಸುವಿನ ಮಾತನ್ನು ಮರೆಮಾಡುತ್ತವೆ ಎಂಬ ಶಂಕೆಯೂ ಇತ್ತು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ೧೮೩೧ರಲ್ಲಿ ಪೂರೈಸಿದ ಅನುವಾದದಿಂದ ಮೊದಲುಗೊಂಡು ಕನ್ನಡದ ಬೈಬಲ್ ಅನುವಾದಕರನ್ನೂ ಈ ತೊಡಕು ಕಾಡಿದೆ. ನಡುವಯಸ್ಸು ದಾಟಿದ ಮೇಲೆ ಹೀಬ್ರೂ, ಗ್ರೀಕುಗಳನ್ನು ಕಲಿತು, ಮೂಲದಿಂದಲೇ ಸರಳ ಮರಾಠಿಗೆ ಅನುವಾದಿಸುವ ಕೆಲಸ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಅರ್ಥ ಹೇಳದೆ ಪುರಾಣ ಓದುತ್ತಿದ್ದ ಸಂಸಾರದ ಮಗಳು ಅರ್ಥಕ್ಕಾಗಿ ಸಂಸ್ಕೃತವನ್ನೇ ದೂರವಿಟ್ಟರು. ಈ ದೂರವಿಡುವಿಕೆಯಿಂದ ಅನುವಾದದ ಶೈಲಿ ಸೊರಗಿತೆಂಬ ಟೀಕೆಯನ್ನು ತಳ್ಳಿಹಾಕುವಂತಿಲ್ಲ. ಮರಾಠಿಯ ಸಭೆಗಳೂ ಅದನ್ನು ತಮ್ಮದಾಗಿ ಮಾಡಿಕೊಳ್ಳಲಿಲ್ಲ.

ಗುಲಬರ್ಗಾದ ಶಾಲೆ ಈ ಅನುವಾದ ನಡೆಯುತ್ತಿದ್ದ ವರ್ಷಗಳದು. ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ೧೯೧೮ರಲ್ಲಿ ಆರಂಭವಾಗುವುದಕ್ಕೆ ಆರು ವರ್ಷ ಮೊದಲು, ವಿದ್ಯೆಯಲ್ಲಿ ಹಿಂದುಳಿದಿದ್ದ ಜಿಲ್ಲೆಯೊಂದರಲ್ಲಿ ಈ ಶಾಲೆ ನಿಂತಿತು. ಇಂಗ್ಲೆಂಡು, ಅಮೆರಿಕಗಳಲ್ಲಿ ಓದಿಬಂದಿದ್ದ ಮನೋರಮಾ ಅದರ ಪ್ರಾಂಶುಪಾಲೆಯಾದರು. ತಾಯಿಯ ಅನಂತರ ಮುಕ್ತಿಯ ಹೊಣೆಯನ್ನೂ ಅವರೇ ಹೊರಬೇಕೆಂಬುದು ಎಲ್ಲರ ನಿರೀಕ್ಷೆಯಾಗಿತ್ತು. ೧೯೨೧ರ ಜುಲೈ ತಿಂಗಳಲ್ಲಿ, ನಲವತ್ತನೆಯ ವಯಸ್ಸಿನಲ್ಲಿ, ಮನೋರಮಾ ತೀರಿಕೊಂಡರು. ಆ ವೇಳೆಗೆ ತಂದೆ, ತಾಯಿ, ಅಕ್ಕ, ಅಣ್ಣ, ಪತಿ ಎಲ್ಲರನ್ನೂ ಕಳುಹಿಸಿಕೊಟ್ಟಿದ್ದ ರಮಾಬಾಯಿಯವರಿಗೆ ಅಚ್ಚಿನ ಕರಡುಗಳು ಮಾತ್ರ ಉಳಿದಿದ್ದವು. ಕಿವಿ ಮಂದವಾಗಿ, ದೇಹ ಸೋತಿದ್ದರೂ ತಿದ್ದುವುದನ್ನು ನಿಲ್ಲಿಸಲಿಲ್ಲ. ಆ ಕೆಲಸ ಮುಗಿದ ಬೆನ್ನಲ್ಲೇ, ೧೯೨೨ರ ಏಪ್ರಿಲ್ ೫ರಂದು, ಕೇಡಗಾಂವದಲ್ಲಿ ನಿಧನರಾದರು. ಎರಡು ವರ್ಷಗಳ ಅನಂತರ, ೧೯೨೪ರಲ್ಲಿ, ಅವರ ಬೈಬಲ್ಲು ಮುಕ್ತಿಯ ಮುದ್ರಣಾಲಯದಿಂದಲೇ ಹೊರಬಂದಿತು. ಅದರ ಅಕ್ಷರಗಳನ್ನು ಜೋಡಿಸಿದವರು ಅಲ್ಲಿ ಆಶ್ರಯ ಪಡೆದು ಓದು ಕಲಿತಿದ್ದ ಹೆಂಗಸರು.